ಹಳೆಯ ಸೈಕಲ್ಲಿನ ಬೆಲೆ

ಹೊಸ ವಸ್ತುವಿನ ಬೆಲೆಯನ್ನು ಅಂಗಡಿಯವನು ಹೇಳುತ್ತಾನೆ. ಅದು ಚೀಟಿಯ ಮೇಲೆ ಅಚ್ಚಾಗಿರುತ್ತದೆ. ಒಪ್ಪಿಗೆಯಾದರೆ ಕೊಳ್ಳುತ್ತೇವೆ, ಇಲ್ಲವಾದರೆ ಮುಂದಿನ ಅಂಗಡಿಗೆ ನಡೆಯುತ್ತೇವೆ. ಆದರೆ ಹಳೆಯ ವಸ್ತುವಿನ ಬೆಲೆಯನ್ನು ಹೇಳಬೇಕಾದವರು ಯಾರು? ಮಾರುವವನ ಮನಸ್ಸಿನಲ್ಲಿ ಒಂದು ಬೆಲೆಯಿರುತ್ತದೆ, ಕೊಳ್ಳುವವನ ಜೇಬಿನಲ್ಲಿ ಇನ್ನೊಂದು ಬೆಲೆಯಿರುತ್ತದೆ, ನೋಡುತ್ತ ನಿಂತ ನೆರೆಯವನ ಬಾಯಲ್ಲಿ ಮೂರನೆಯದೊಂದಿರುತ್ತದೆ. ಈ ಮೂರರಲ್ಲಿ ನ್ಯಾಯವಾದುದು ಯಾವುದು? ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದು. ಆದರೆ ಮನುಷ್ಯ ಮನುಷ್ಯನೊಡನೆ ಹೇಗೆ ನಡೆದುಕೊಳ್ಳಬೇಕೆಂಬ ದೊಡ್ಡ ಪ್ರಶ್ನೆಯೊಂದು ಅದರ ಬೆನ್ನಿಗೇ ನಿಂತಿದೆ. ಅದನ್ನು ನಾನು ಹಳೆಯ ಸೈಕಲ್ಲೊಂದರ ನೆಪದಿಂದ ವಿಚಾರಿಸಬಯಸುತ್ತೇನೆ. ಮನೆ, ಹೊಲ, ಬಂಗಾರಗಳನ್ನು ಕೊಂಡು ಮಾರುವ ಸಂದರ್ಭ ನಿಮಗಿನ್ನೂ ಒದಗಿಲ್ಲ. ಹಳೆಯ ಸೈಕಲ್ಲನ್ನು ಕೊಳ್ಳುವ ಅಥವಾ ಮಾರುವ ಸಂದರ್ಭ ನಾಳೆಯೇ ಒದಗೀತು.

ಬಳಸಿದುದಕ್ಕೆ ಬೆಲೆ ಕಟ್ಟುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನೋ ಚುಂಚನಕಟ್ಟೆಯ ಜಾತ್ರೆಯನ್ನೋ ಕಂಡವರಿಗೆ ಇದು ಗೊತ್ತು. ರೈತನು ಎತ್ತಿನ ತುಟಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಮೈಮೇಲಿನ ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕುಂಟುವುದೇ ಎಂದು ಪರೀಕ್ಷಿಸುತ್ತಾನೆ. ಆಮೇಲೆ ದಲ್ಲಾಳಿ ಬರುತ್ತಾನೆ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಸೈಕಲ್ಲಿಗೂ ಹಲ್ಲುಗಳಿವೆ. ವ್ಯತ್ಯಾಸವಿಷ್ಟೆ: ಎತ್ತಿಗೆ ವಯಸ್ಸಾದಂತೆ ಹಲ್ಲು ಮೂಡಿ ಎರಡು, ನಾಲ್ಕು, ಆರಾಗುತ್ತವೆ, ಸೈಕಲ್ಲಿಗೆ ವಯಸ್ಸಾದಂತೆ ಚಕ್ರದ ಹಲ್ಲು ಸವೆದು ಮೊನೆಯಾಗುತ್ತವೆ. ಎತ್ತನ್ನು ನೋಡುವಷ್ಟು ಶ್ರದ್ಧೆಯಿಂದ ಸೈಕಲ್ಲನ್ನು ನೋಡುವವರು ಮಾತ್ರ ಕಡಿಮೆ. ಹೊಳೆಯುವ ಬಣ್ಣ ಕಂಡರೆ ಸಾಕು, ನಮ್ಮ ಕೈ ಜೇಬಿಗೆ ಹೋಗುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. ಬಳಕೆಯಿಂದಲೂ ಕಾಲದಿಂದಲೂ ವಸ್ತುವಿನ ಬೆಲೆ ಕುಗ್ಗುವುದನ್ನು ಸವಕಳಿ ಎನ್ನುತ್ತಾರೆ. ಹೊಸ ಸೈಕಲ್ಲಿಗೆ 6000 ರೂಪಾಯಿ ಕೊಟ್ಟೆವು ಎಂದಿಟ್ಟುಕೊಳ್ಳಿ. ವರ್ಷಕ್ಕೆ ನೂರಕ್ಕೆ ಹತ್ತರಂತೆ ಸವಕಳಿ ಹಿಡಿಯೋಣ. ಮೊದಲ ವರ್ಷದ ಕೊನೆಗೆ 5400, ಎರಡನೆಯದರ ಕೊನೆಗೆ 4860. ಹೀಗೆಯೇ ಇಳಿಯುತ್ತ ಐದನೆಯ ವರ್ಷದ ಕೊನೆಗೆ ಸುಮಾರು 3543 ರೂಪಾಯಿ ಉಳಿಯುತ್ತದೆ. ಇದು ಕಾಗದದ ಬೆಲೆ. ಈಗ ಸೈಕಲ್ಲನ್ನು ಹಿಡಿದು ನೋಡಿ. ಎರಡು ಟೈರು, ಎರಡು ಟ್ಯೂಬು ಹೊಸದಾಗಿ ಬೇಕು; 900 ರೂಪಾಯಿ ಎನ್ನಿ. ಚೈನು ಮತ್ತು ಫ್ರೀವೀಲಿಗೆ 450. ಬೇರಿಂಗಿನ ಗುಂಡು, ಗ್ರೀಸು, ಕೂಲಿ ಸೇರಿ 350. ಒಟ್ಟು 1700. ಕಾಗದದ ಬೆಲೆಯಲ್ಲಿ ಇದನ್ನು ಕಳೆದರೆ 1843 ರೂಪಾಯಿ. ಸವಕಳಿಯಲ್ಲಿಯೇ ರಿಪೇರಿ ಅಡಗಿದೆಯಲ್ಲ, ಎರಡು ಸಲ ಕಳೆಯುವುದು ಸರಿಯೇ ಎಂದು ಲೆಕ್ಕಶಾಸ್ತ್ರ ಬಲ್ಲವರು ಆಕ್ಷೇಪಿಸಬಹುದು. ಕಾಗದದ ಬೆಲೆಯೆಂಬುದು ಇಂದೇ ಹತ್ತಿ ಹೋಗಬಹುದಾದ ಸೈಕಲ್ಲಿಗೆ ಸಲ್ಲುವ ಬೆಲೆ ಎಂದು ನಾನು ತಿಳಿಯುತ್ತೇನೆ. ರಿಪೇರಿ ಮಾಡಿಸದೆ ಹತ್ತಲಾಗದ ಸೈಕಲ್ಲಿಗೆ ಆ ಖರ್ಚನ್ನು ಬಿಟ್ಟುಕೊಡಲೇಬೇಕು. ಈ ಅಂಕಿಗಳು ಉದಾಹರಣೆಗಾಗಿ ಹಿಡಿದವು. ಊರಿಂದೂರಿಗೆ ಬೇರೆಯಾದಾವು. ಲೆಕ್ಕದ ದಾರಿ ಮಾತ್ರ ಬದಲಾಗದು.

ಎಲ್ಲ ಸೈಕಲ್ಲುಗಳೂ ಒಂದೇ ವೇಗದಲ್ಲಿ ಬೆಲೆ ಕಳೆದುಕೊಳ್ಳುವುದಿಲ್ಲ ಎಂಬುದೊಂದು ಸ್ವಾರಸ್ಯ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು 1885ರಲ್ಲಿ ತಯಾರಿಸಿದ ರೋವರ್ ಸೈಕಲ್ಲಿನಲ್ಲಿ ಎರಡು ಚಕ್ರಗಳೂ ಹೆಚ್ಚುಕಡಿಮೆ ಸಮನಾಗಿದ್ದವು. ಹಿಂದಿನ ಚಕ್ರವನ್ನು ಚೈನು ತಿರುಗಿಸುತ್ತಿತ್ತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ರೂಢಿಗೆ ತಂದನು. ನಮ್ಮ ಕಪ್ಪು ಸೈಕಲ್ಲು ಆ ವಂಶದ್ದೇ. ಸ್ವಾತಂತ್ರ್ಯಾನಂತರ 1949ರಲ್ಲಿ ಮದರಾಸಿನಲ್ಲಿ ಟಿ. ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಕಾರ್ಖಾನೆಗಳು ಹುಟ್ಟಿಕೊಂಡವು. ಇವೆಲ್ಲವೂ ಮಾಡಿದ ಕಪ್ಪು ಸೈಕಲ್ಲುಗಳ ಅಳತೆ ಬಹುಮಟ್ಟಿಗೆ ಒಂದೇ: 28 ಅಂಗುಲದ ಚಕ್ರ, ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಆದುದರಿಂದ ಒಬ್ಬರ ಸೈಕಲ್ಲಿನ ಕ್ರ್ಯಾಂಕು ಇನ್ನೊಬ್ಬರದಕ್ಕೆ ಕೂಡುತ್ತದೆ. ಯಾವ ಹೋಬಳಿಯ ಸೈಕಲ್ ಷಾಪಿನಲ್ಲಾದರೂ ಭಾಗಗಳು ಸಿಗುತ್ತವೆ. ಅಟ್ಲಾಸ್ ಕಂಪೆನಿಯ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು (ಅದು ವಿಶ್ವ ಸೈಕಲ್ ದಿನವಾಗಿದ್ದುದು ವಿಧಿಯ ಅಣಕವೆನ್ನಬೇಕು). ಆದರೂ ಆ ಹೆಸರಿನ ಹಳೆಯ ಸೈಕಲ್ಲಿಟ್ಟುಕೊಂಡವರು ಅನಾಥರಾಗಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಹತ್ತಾರು ಗೇರುಗಳ ನಾಜೂಕಾದ ಸೈಕಲ್ಲನ್ನು ಹಳ್ಳಿಗೆ ಕೊಂಡೊಯ್ದು ನೋಡಿ. ಗೇರು ಬದಲಿಸುವ ಸಣ್ಣ ತೋಳೊಂದು ಬಾಗಿದರೆ ಸಾಕು, ಅದು ಗೋಡೆಗೆ ಒರಗಿ ನಿಲ್ಲುತ್ತದೆ. ಕೊಳ್ಳುವಾಗ ಎರಡು ಪಟ್ಟು ಬೆಲೆ ಬಾಳಿದ್ದು ಮಾರುವಾಗ ಕಪ್ಪು ಸೈಕಲ್ಲಿನ ಬೆಲೆಗೂ ಹೋಗದಿರಬಹುದು. ಹಳೆಯದನ್ನು ಕೊಳ್ಳುವವನು ವಾಸ್ತವವಾಗಿ ಕೊಳ್ಳುವುದು ಮುಂದಿನ ವರ್ಷಗಳನ್ನು. ಹಿಂದಿನ ವೈಭವದಿಂದ ಅವನಿಗೇನು ಪ್ರಯೋಜನ?

ಆ ಮುಂದಿನ ವರ್ಷಗಳೆಷ್ಟು ಎಂದು ತಿಳಿಯುವುದು ಹೇಗೆ? ಸೈಕಲ್ಲಿನ ಹಿಂದೆ ನಿಂತು ಎರಡು ಚಕ್ರಗಳೂ ಒಂದೇ ಗೆರೆಯಲ್ಲಿವೆಯೇ ನೋಡಬೇಕು. ಪಕ್ಕದಿಂದ ನೋಡಿದಾಗ ಮುಂದಿನ ಫೋರ್ಕು ಹಿಂದಕ್ಕೆ ಒತ್ತಿದಂತಿದ್ದರೆ ಅದು ಎಲ್ಲಿಯೋ ಡಿಕ್ಕಿ ಹೊಡೆದಿದೆ. ಚಕ್ರವನ್ನೆತ್ತಿ ತಿರುಗಿಸಿದರೆ ರಿಮ್ಮಿನ ಔಟು ಕಾಣುತ್ತದೆ. ಅದನ್ನು ಕಡ್ಡಿ ಬಿಗಿದು ತೆಗೆಯಬಹುದು, ಅದಕ್ಕೆ ಹೆದರಬೇಕಾಗಿಲ್ಲ. ಕ್ರ್ಯಾಂಕನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿದಾಗ ಆಟವಿದ್ದರೆ ಒಳಗಿನ ಗುಂಡುಗಳು ಸವೆದಿವೆ ಎಂದರ್ಥ. ಚೈನಿನ ವಿಷಯದಲ್ಲಿ ನಿಮ್ಮ ಕಂಪಾಸು ಪೆಟ್ಟಿಗೆಯ ಅಳತೆಪಟ್ಟಿಯೇ ಸಾಕಾಗಬಹುದು. ಒಂದೊಂದು ಕೊಂಡಿಯೂ ಅರ್ಧ ಅಂಗುಲ. 24 ಕೊಂಡಿಗಳು ಸರಿಯಾಗಿ 12 ಅಂಗುಲವಿರಬೇಕು. ಅಂಗುಲದ ಎಂಟನೆಯ ಒಂದು ಭಾಗದಷ್ಟು ಹೆಚ್ಚಾಗಿದ್ದರೆ ಆ ಚೈನು ಮುಗಿಯಿತು. ಅದರೊಡನೆ ಹಲ್ಲುಗಳೂ ಸವೆದಿರುತ್ತವೆ. ಇವೆಲ್ಲ ಹಣ ಕೊಟ್ಟರೆ ಬದಲಾಗುವ ಭಾಗಗಳು. ಬದಲಾಗದಿರುವುದು ಫ್ರೇಮು. ಕೊಳವೆಗಳು ಕೂಡುವ ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕು, ಬೆಸುಗೆಯ ಗಂಟು, ಅಥವಾ ಆ ಒಂದೆಡೆಯಲ್ಲಿ ಮಾತ್ರ ಹೊಸ ಬಣ್ಣ ಕಂಡರೆ ಕೈ ಹಿಂದೆಗೆಯಬೇಕು. ಹಳೆಯ ಸೈಕಲ್ಲಿನ ಮೇಲೆ ಹೊಸ ಬಣ್ಣ ನಗುತ್ತಿದ್ದರೆ, ಅದು ಏಕೆ ನಗುತ್ತಿದೆ ಎಂದು ಮೊದಲು ವಿಚಾರಿಸಬೇಕು.

ಸೈಕಲ್ಲು ಮಾರುವವನದೇ ಹೌದೇ ಎಂಬುದನ್ನೂ ನೋಡಬೇಕು. ಹಿಂದೆ ಅನೇಕ ಊರುಗಳಲ್ಲಿ ಪುರಸಭೆಯವರು ಸೈಕಲ್ಲಿಗೆ ತೆರಿಗೆ ಪಡೆದು ಬಿಲ್ಲೆ ಕೊಡುತ್ತಿದ್ದರು, ಅದೊಂದು ಗುರುತಾಗಿತ್ತು. ಈಗ ಫ್ರೇಮಿನ ಮೇಲೆ ಕೊರೆದ ಸಂಖ್ಯೆ ಮತ್ತು ಅಂಗಡಿಯ ರಸೀದಿ ಇವೆರಡೇ ಆಧಾರ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ತನ್ನದಲ್ಲದುದನ್ನು ಮಾರಿದವನಿಂದ ಕೊಂಡವನಿಗೆ ಸಾಮಾನ್ಯವಾಗಿ ಒಡೆತನ ಬರುವುದಿಲ್ಲ. ಕಳವಿನದೆಂದು ತಿಳಿದೂ ಕೊಂಡರೆ ಅದು ಅಪರಾಧವೇ ಆಗುತ್ತದೆ. ಸಾವಿರದೈನೂರರ ಸೈಕಲ್ಲನ್ನು ಮುನ್ನೂರಕ್ಕೆ ಕೊಡುವೆನೆಂಬವನ ಅವಸರವನ್ನು ಕಂಡೂ ಕಾಣದಂತಿರುವುದು ಜಾಣತನವಲ್ಲ.

ಆದರೆ ಎಷ್ಟು ಪರೀಕ್ಷಿಸಿದರೂ ಕೊಳ್ಳುವವನಿಗೆ ತಿಳಿಯದ ಸಂಗತಿಗಳು ಉಳಿಯುತ್ತವೆ. ಅವು ಮಾರುವವನಿಗೆ ಗೊತ್ತು. ವ್ಯಾಪಾರದ ಕಷ್ಟವೆಲ್ಲ ಇಲ್ಲಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಮೋಟಾರು ಕಾರುಗಳ ಮಾರಾಟವನ್ನು ಕುರಿತು ಒಂದು ಲೇಖನ ಪ್ರಕಟಿಸಿದನು. ಈ ಬಗೆಯ ವಿಚಾರಕ್ಕಾಗಿ 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಅವನ ವಾದವನ್ನು ನಮ್ಮ ಸಂತೆಗೆ ತಂದು ನೋಡೋಣ. ಊರಿನಲ್ಲಿ ಹತ್ತು ಹಳೆಯ ಸೈಕಲ್ಲುಗಳು ಮಾರಾಟಕ್ಕಿವೆ. ಐದು ಗಟ್ಟಿಮುಟ್ಟಾದವು, 2000 ರೂಪಾಯಿ ಬಾಳುತ್ತವೆ; ಐದು ಒಳಗೆ ಹುಳುಕಾದವು, 800 ಬಾಳುತ್ತವೆ. ಹೊರಗಿನ ನೋಟಕ್ಕೆ ಎಲ್ಲವೂ ಒಂದೇ. ಕೊಳ್ಳುವವನು ಯಾವುದು ಹೇಗೋ ಎಂದು ನಡುವಿನ ಬೆಲೆ, ಅಂದರೆ 1400 ಕೊಡಲು ಮುಂದಾಗುತ್ತಾನೆ. ಒಳ್ಳೆಯ ಸೈಕಲ್ಲಿನ ಯಜಮಾನನು ನಷ್ಟಕ್ಕೆ ಮಾರಲಾರೆನೆಂದು ಮನೆಗೆ ತಳ್ಳಿಕೊಂಡು ಹೋಗುತ್ತಾನೆ. ಉಳಿಯುವುವು ಹುಳುಕಿನವೇ. ಇದು ಗೊತ್ತಾದೊಡನೆ ಬೆಲೆ 800ಕ್ಕೆ ಕುಸಿಯುತ್ತದೆ. ದೋಷವನ್ನು ಮುಚ್ಚಿಟ್ಟ ಐದು ಮಂದಿ ಕೊಳ್ಳುವವನನ್ನು ಮಾತ್ರ ವಂಚಿಸಲಿಲ್ಲ. ಕಂಡರಿಯದ ಐದು ಮಂದಿ ಪ್ರಾಮಾಣಿಕರ ಸೈಕಲ್ಲುಗಳ ಬೆಲೆಯನ್ನೂ ಕಳೆದರು. ಹೊಸ ಸೈಕಲ್ಲು ಅಂಗಡಿಯ ಹೊಸ್ತಿಲು ದಾಟಿದ ಮರುದಿನವೇ ಅಷ್ಟೊಂದು ಬೆಲೆ ಕಳೆದುಕೊಳ್ಳುವುದೇಕೆಂದು ನೀವು ಕೇಳಬಹುದು. ಒಂದು ದಿನದಲ್ಲಿ ಸವೆದದ್ದು ಟೈರಲ್ಲ, ನಂಬಿಕೆ. ‘ಏನೋ ದೋಷವಿದೆ, ಇಲ್ಲದಿದ್ದರೆ ಇಷ್ಟು ಬೇಗ ಏಕೆ ಮಾರುತ್ತಾನೆ?’ ಎಂಬ ಅನುಮಾನಕ್ಕೆ ನಾವು ತೆರುವ ದಂಡ ಅದು.

ಹಾಗಾದರೆ ಮಾರುವವನು ದೋಷವನ್ನು ತಾನಾಗಿಯೇ ಹೇಳಬೇಕೆ? ಕಾನೂನು ಈ ವಿಷಯದಲ್ಲಿ ಜಿಪುಣ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಪ್ರಕರಣದಲ್ಲಿ ಕುದುರೆಯೊಂದರ ದೃಷ್ಟಾಂತವಿದೆ. ರೋಗದ ಕುದುರೆಯೆಂದು ತಿಳಿದೂ ಒಬ್ಬನು ಹರಾಜಿನಲ್ಲಿ ಸುಮ್ಮನೆ ಮಾರಿದರೆ ಆ ಮೌನ ವಂಚನೆಯಲ್ಲ. ಕೊಳ್ಳುವವಳು ಅವನ ಮಗಳೇ ಆಗಿದ್ದು, ಆಗ ತಾನೆ ಪ್ರಾಪ್ತ ವಯಸ್ಸಿಗೆ ಬಂದವಳಾದರೆ ಮಾತ್ರ ಅವನು ಹೇಳಲೇಬೇಕು. ‘ನೀವು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ’ ಎಂದು ಕೊಳ್ಳುವವನು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ, ಆಗ ಮೌನವೇ ಮಾತಿಗೆ ಸಮಾನ. ಈ ಮೂರನೆಯ ದೃಷ್ಟಾಂತವನ್ನು ನಾನು ಓದಿದ್ದು ತಡವಾಗಿ. ಓದುವ ಮೊದಲೇ ಅದರೊಳಗೆ ಸಿಕ್ಕಿಬಿದ್ದಿದ್ದೆ.

1987ರಲ್ಲಿ ನಾನು ಹೊಸದಾಗಿ ಉಪಾಧ್ಯಾಯನಾಗಿದ್ದೆ. ನನ್ನ ಸೈಕಲ್ಲು ಒಮ್ಮೆ ಸೇತುವೆಯ ಕಟ್ಟೆಗೆ ಬಡಿದು ಮುಂದಿನ ಫೋರ್ಕಿನ ಬುಡ ಸೀಳಿತ್ತು. ಬೆಸುಗೆ ಹಾಕಿಸಿ, ಮೇಲೆ ಕಪ್ಪು ಬಣ್ಣ ಬಳಿಸಿದೆ. ಒಂದೆರಡು ತಿಂಗಳು ಓಡಿಸಿ, ಹೆದರಿಕೆಯಾಗಿ ಮಾರಲು ನಿಶ್ಚಯಿಸಿದೆ. ಮನೆಗೆ ಹಾಲು ತರುತ್ತಿದ್ದವನು ಕೊಳ್ಳಲು ಬಂದ. 250 ರೂಪಾಯಿಗೆ ಒಪ್ಪಂದವಾಯಿತು. ‘ಒಂದು ಸಲ ಹತ್ತಿ ನೋಡಪ್ಪ’ ಎಂದೆ. ಅವನು ನಕ್ಕು, ‘ಮೇಷ್ಟ್ರ ಸೈಕಲ್ಲು ಅಂದ ಮೇಲೆ ನೋಡೋದೇನಿದೆ ಸ್ವಾಮಿ? ಸರಿಯಾಗಿಲ್ಲದಿದ್ದರೆ ನೀವೇ ಹೇಳ್ತಿದ್ದಿರಿ’ ಎಂದ. ನಾನು ಹೇಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ ಎಂದು ಆ ರಾತ್ರಿ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದು ನೆನಪಿದೆ. ಮೂರು ತಿಂಗಳ ಮೇಲೆ ಎರಡು ಕಡೆಯೂ ಹಾಲಿನ ಕ್ಯಾನು ತೂಗುಹಾಕಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಾಗ ಫೋರ್ಕು ಮುರಿಯಿತು. ಅವನ ಭುಜದ ಎಲುಬು ಮುರಿದು ಒಂದೂವರೆ ತಿಂಗಳು ಕೈ ಕಟ್ಟಿಕೊಂಡಿದ್ದ. ಅಷ್ಟು ದಿನವೂ ಅವನ ಮಗ ಶಾಲೆ ಬಿಟ್ಟು, ನಡೆದು, ಮನೆಮನೆಗೆ ಹಾಲು ಹಾಕಿದ. ಆ ಹುಡುಗ ನನ್ನ ತರಗತಿಯಲ್ಲೇ ಓದುತ್ತಿದ್ದ; ಹಾಜರಿ ಪುಸ್ತಕದಲ್ಲಿ ದಿನವೂ ಅವನ ಹೆಸರಿನ ಮುಂದೆ ಗೈರುಹಾಜರಿ ಬರೆದವನು ನಾನು. ಹಣ ಹಿಂದಿರುಗಿಸಲು ಹೋದಾಗ ಹಾಲಿನವನು ತೆಗೆದುಕೊಳ್ಳಲಿಲ್ಲ. ಮುರಿದ ಫೋರ್ಕನ್ನು ಅವನು ಬೆಸುಗೆಯವನ ಬಳಿಗೆ ಒಯ್ದಿದ್ದ. ಅದು ತನ್ನದೇ ಹಳೆಯ ಬೆಸುಗೆಯೆಂದು ಬೆಸುಗೆಯವನು ಗುರುತು ಹಿಡಿದಿದ್ದ. ‘ವ್ಯಾಪಾರ ಮುಗಿದ ಮೇಲೆ ಮಾತೇನು ಮೇಷ್ಟ್ರೇ’ ಎಂದಷ್ಟೇ ಅಂದ. ಹಾಲು ಹಾಕುವುದನ್ನು ಅವನು ನಿಲ್ಲಿಸಲಿಲ್ಲ. ಆದರೆ ಅಂದಿನಿಂದ ಹಾಲನ್ನು ಅಳೆಯುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ವಾದವನ್ನು ಯಾರಾದರೂ ಎತ್ತಿದಾಗಲೆಲ್ಲ ನನಗೆ ಅವನ ನೆನಪಾಗುತ್ತದೆ. ಎಚ್ಚರದಿಂದಿರಲು ತಿಳಿವಳಿಕೆ ಬೇಕು, ಬಿಡುವು ಬೇಕು, ಬೇಡವೆಂದು ಎದ್ದು ಹೋಗುವಷ್ಟು ಅನುಕೂಲವೂ ಬೇಕು. ಹಳೆಯ ಸೈಕಲ್ಲು ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಈ ಮೂರೂ ಇರುವುದಿಲ್ಲ. ಅವರ ಅವಶ್ಯಕತೆಯನ್ನು ನೋಡಿ ಬೆಲೆ ಏರಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ನಾಳೆ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವನಿಗೆ ಸೈಕಲ್ಲು ಹೆಚ್ಚು ಉಪಯುಕ್ತ, ನಿಜ. ಆ ಉಪಯೋಗವನ್ನು ಸೃಷ್ಟಿಸಿದವನು ಮಾರುವವನಲ್ಲ. ಬೇಡಿಕೆ ಹೆಚ್ಚಿದರೆ ಬೆಲೆ ಏರುವುದು ಸಹಜವಲ್ಲವೇ ಎಂದು ನೀವು ಕೇಳುವುದಾದರೆ, ಸಂತೆಯಲ್ಲಿ ಅದು ಸಹಜ, ಒಬ್ಬನ ಎದುರು ಒಬ್ಬನು ನಿಂತಾಗ ಅಲ್ಲ ಎನ್ನುತ್ತೇನೆ. ಈ ಮಾತನ್ನು ಒಪ್ಪದವರೂ ಇದ್ದಾರೆ. ನೀವು ತರಗತಿಯಲ್ಲಿ ಚರ್ಚಿಸಿ.

ಉಪಯೋಗದ ಬೆಲೆ ಬೇರೆ, ವಿನಿಮಯದ ಬೆಲೆ ಬೇರೆ ಎಂದು ಆಡಮ್ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ವಿವೇಚಿಸಿದ್ದಾನೆ. ನೀರು ಬದುಕಿಗೆ ಬೇಕೇಬೇಕು, ಅದರಿಂದ ಕೊಳ್ಳಬಹುದಾದುದು ಅತ್ಯಲ್ಪ. ವಜ್ರದ ಕಥೆ ತದ್ವಿರುದ್ಧ. ಹಳೆಯ ಸೈಕಲ್ಲು ನೀರಿನ ಜಾತಿಗೆ ಸೇರಿದುದು. ನಮ್ಮ ರಾಜ್ಯದಲ್ಲಿ 2006-07ರಲ್ಲಿ 8ನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆ ಆರಂಭವಾಗಿ ಹಲವು ವರ್ಷ ನಡೆಯಿತು. ಆ ಸೈಕಲ್ಲುಗಳಲ್ಲಿ ಕೆಲವು ವರ್ಷ ತುಂಬುವ ಮೊದಲೇ ಗುಜರಿ ಅಂಗಡಿಯ ಅಂಗಳದಲ್ಲಿ ಬಿದ್ದಿದ್ದುದನ್ನು ನಾನು ಕಂಡಿದ್ದೇನೆ. ಗುಜರಿಯವನು ತೂಕಕ್ಕೆ ಬೆಲೆ ಕಟ್ಟುತ್ತಾನೆ. ಅವನ ತಕ್ಕಡಿಗೆ ಸೈಕಲ್ಲೂ ಒಂದೇ, ಮುರಿದ ಕಿಟಕಿಯ ಸರಳೂ ಒಂದೇ. ಮನೆಯ ಕಷ್ಟಕ್ಕೆ ಮಾರಿದವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಮಾರುವ ಮೊದಲು ಈ ಲೆಕ್ಕವನ್ನು ಹಾಕಬೇಕಾಗಿತ್ತು. ಶಾಲೆ ಐದು ಕಿಲೋಮೀಟರು ದೂರವಿದೆ. ನಡೆದರೆ ಒಂದು ಗಂಟೆ. ಸೈಕಲ್ಲಿನಲ್ಲಿ, ಗಂಟೆಗೆ 12 ಕಿಲೋಮೀಟರಿನಂತೆ ಹೋದರೆ 25 ನಿಮಿಷ. ಹೋಗಿಬರುವುದರಲ್ಲಿ ದಿನಕ್ಕೆ 70 ನಿಮಿಷ ಉಳಿಯಿತು. ವರ್ಷದಲ್ಲಿ ಶಾಲೆಯ ದಿನಗಳು 200 ಎಂದರೂ 14,000 ನಿಮಿಷ, ಅಂದರೆ 233 ಗಂಟೆಗಳು. ಒಂದು ಹುಡುಗಿಯ 233 ಗಂಟೆಗಳು, ಕತ್ತಲಾಗುವ ಮುನ್ನ ಮನೆ ಸೇರುವ ಅನುಕೂಲ, ಹತ್ತನೆಯ ತರಗತಿಯನ್ನು ಪೂರೈಸುವ ಸಾಧ್ಯತೆ ಇವು ಯಾವ ತಕ್ಕಡಿಯಲ್ಲಿಯೂ ತೂಗುವುದಿಲ್ಲ. ಮಾರಲೇಬೇಕಾಗಿ ಬಂದರೆ, ಗುಜರಿಯವನಿಗಲ್ಲದೆ, ಶಾಲೆಗೆ ನಡೆದು ಬರುತ್ತಿರುವ ಇನ್ನೊಂದು ಮಗುವಿನ ಮನೆಗೆ ಕೇಳಬೇಕು. ಎರಡು ಕಡೆಗೂ ಲಾಭವಿದೆ: ಇವರಿಗೆ ಕಬ್ಬಿಣದ ಬೆಲೆಗಿಂತ ಹೆಚ್ಚು ಸಿಗುತ್ತದೆ, ಅವರಿಗೆ ಹೊಸದರ ಬೆಲೆಗಿಂತ ಕಡಿಮೆಗೆ ಸೈಕಲ್ಲು ಸಿಗುತ್ತದೆ.

ಈಚೆಗೆ ಮೊಣಕಾಲಿನ ನೋವು ಹೆಚ್ಚಿ, ನಾನು ನನ್ನ ಸೈಕಲ್ಲನ್ನು ಮಾರಬೇಕಾಯಿತು. ಜಗುಲಿಯ ಕಂಬಕ್ಕೆ ಒರಗಿಸಿ, ಹ್ಯಾಂಡಲ್ಲಿಗೆ ಅರ್ಧ ಹಾಳೆಯೊಂದನ್ನು ಕಟ್ಟಿದೆ. ಅದರಲ್ಲಿ ಹೀಗೆ ಬರೆದಿದ್ದೆ: ‘ಬೆಲೆ 1900 ರೂಪಾಯಿ. ಫ್ರೇಮಿನಲ್ಲಿಯೂ ಫೋರ್ಕಿನಲ್ಲಿಯೂ ಬೆಸುಗೆಯಿಲ್ಲ. ಹಿಂದಿನ ಚಕ್ರದಲ್ಲಿ ಎರಡು ಕಡ್ಡಿ ಹೋಗಿವೆ. ಎಡಗಡೆಯ ಕ್ರ್ಯಾಂಕಿನ ಪಿನ್ನು ಸವೆದಿದೆ. ಏರಿನಲ್ಲಿ ತುಳಿಯುವಾಗ ಸದ್ದು ಬರುತ್ತದೆ. ಮುಂದಿನ ಟೈರು ಒಂದು ಮಳೆಗಾಲ ಬಂದೀತು.’ ನೆರೆಯವರು ಓದಿ, ‘ಏನು ಮೇಷ್ಟ್ರೇ, ಇದು ಮಾರಾಟದ ಬೋರ್ಡೋ ಆಸ್ಪತ್ರೆಯ ಚೀಟಿಯೋ?’ ಎಂದು ನಕ್ಕರು. ಒಂದು ವಾರ ಯಾರೂ ಬರಲಿಲ್ಲ. ಆಮೇಲೆ ಗಾರೆ ಕೆಲಸದವರೊಬ್ಬರು ಮಗಳೊಡನೆ ಬಂದರು. ಹುಡುಗಿ ಚೀಟಿಯನ್ನು ತಂದೆಗೆ ಗಟ್ಟಿಯಾಗಿ ಓದಿ ಹೇಳಿದಳು. ಚಕ್ರವನ್ನೆತ್ತಿ ತಿರುಗಿಸಿದಳು, ಕಡ್ಡಿಗಳನ್ನು ಎಣಿಸಿದಳು. ಮೂವತ್ತೆಂಟು. ಬಳಿಕ ನನ್ನತ್ತ ತಿರುಗಿ, ‘ತಾತಾ, ಇದರಲ್ಲಿ ಬರೆಯದೆ ಬಿಟ್ಟದ್ದು ಏನಾದರೂ ಇದೆಯಾ?’ ಎಂದು ಕೇಳಿದಳು.

ನಾನು ಸ್ವಲ್ಪ ಹೊತ್ತು ಯೋಚಿಸಿ, ಮಳೆಯಲ್ಲಿ ನೆನೆದರೆ ಬೆಲ್ಲು ಬಾರಿಸುವುದಿಲ್ಲವೆಂದು ಹೇಳಿದೆ. ಅವಳು ನನ್ನ ಪೆನ್ನನ್ನು ಇಸಿದುಕೊಂಡು, ಅದನ್ನೂ ಚೀಟಿಯ ಕೆಳಗೆ ಬರೆದು, 1900ನ್ನು ಹೊಡೆದುಹಾಕಿ 1850 ಎಂದು ತಿದ್ದಿದಳು.